ಕೊಡಗಿನಲ್ಲಿದ್ದು ಕನ್ನಡ ರಾಕ್ ಹಾಡು ಕಟ್ಟುವುದು: ಮಾತ್ರೆಯಿಂದ ವೇದಿಕೆವರೆಗೆ

ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡುವ ರಾಕ್ ಗಾಯಕರಿಗೆ ಕೊಡಗಿನಲ್ಲಿ ವರ್ಷಕ್ಕೆ ಎರಡೇ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೆದು ರೆಕಾರ್ಡ್ ಮಾಡುವುದು, ದಸರಾದಿಂದ ಮೇ ತನಕ ಹೊರಗೆ ಹಾಡುವುದು. ಮಳೆಗಾಲವನ್ನು ಸುಮ್ಮನೆ ಕಳೆದರೆ, ಮಡಿಕೇರಿ ದಸರಾ ವೇದಿಕೆಗೆ ಕರೆ ಬಂದಾಗ ಕೈಯಲ್ಲಿ ಬೇರೆಯವರ ಹಾಡುಗಳಷ್ಟೇ ಇರುತ್ತವೆ.

ಪದ ಮೊದಲು

ಕನ್ನಡ ರಾಕ್ ಹಾಡು ಕೆಡುವುದು ಹೆಚ್ಚಾಗಿ ಗಿಟಾರಿನಿಂದಲ್ಲ, ಮಾತ್ರೆಯಿಂದ, ಅಂದರೆ ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆಯಿಂದ. ಇಂಗ್ಲಿಷ್ ಹಾಡು ಕೇಳಿ ಬೆಳೆದವರು ಮೊದಲು ಟ್ಯೂನ್ ಕಟ್ಟಿ, ಆಮೇಲೆ ಅದರೊಳಗೆ ಕನ್ನಡವನ್ನು ತುರುಕುತ್ತಾರೆ. ಹ್ರಸ್ವಾಕ್ಷರ ಉದ್ದ ಸ್ವರದ ಮೇಲೆ ಬಿದ್ದರೆ ‘ಬಳೆ’ ಹೋಗಿ ‘ಬಾಳೆ’ ಆಗುತ್ತದೆ. ಕೇಳುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಆದರೆ ಏನೆಂದು ಹೇಳಲು ಬರುವುದಿಲ್ಲ.

ಅದಕ್ಕೆ ಸಾಲನ್ನು ಮೊದಲು ಬರೆದು ಮಾತ್ರೆ ಎಣಿಸಿ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ ಎರಡು. ಈ ಎರಡು ಸಾಲು ನೋಡಿ:

ಮಳೆಯೇ ನಿಲ್ಲದ ಊರಲಿ ನನ್ನ
ಕಳೆದೇ ಹೋಯಿತು ಕೊಡೆಯೂ ಹಾಡೂ

ಮೊದಲ ಸಾಲು 4, 4, 4, 3. ಕೊನೆಯಲ್ಲಿ ಒಂದು ಮಾತ್ರೆ ಖಾಲಿ, ಅಲ್ಲಿ ಉಸಿರು ತೆಗೆದುಕೊಳ್ಳಬಹುದು. ಎರಡನೆಯದು ಪೂರಾ ಹದಿನಾರು. ಒಂದು ಬೀಟಿಗೆ ಎರಡು ಮಾತ್ರೆಯಂತೆ ಕೂರಿಸಿದರೆ ಪ್ರತಿ ಸಾಲು ಎಂಟು ಬೀಟು, ಅಂದರೆ ನಾಲ್ಕು ಬೀಟಿನ ಎರಡು ಬಾರ್ (ತಾಳದ ಸುತ್ತು). ನಿಮಿಷಕ್ಕೆ 100 ಬೀಟಿನ ವೇಗದಲ್ಲಿ ಒಂದು ಸಾಲಿಗೆ 4.8 ಸೆಕೆಂಡು. ಪ್ರತಿ ಪದದ ಮೊದಲ ಅಕ್ಷರವೂ ಬೀಟಿನ ಮೇಲೇ ಬೀಳುತ್ತದೆ. ಕನ್ನಡದ ಕಿವಿ ಒತ್ತನ್ನು ನಿರೀಕ್ಷಿಸುವುದು ಅಲ್ಲೇ. ಇದನ್ನೇ ಅರ್ಧ ಬೀಟು ಹಿಂದೆ ಸರಿಸಿ ಹಾಡಿ ನೋಡಿ: ‘ಊರಲಿ’ಯಲ್ಲಿ ಬೀಟು ‘ಊ’ ಶುರುವಾಗುವಲ್ಲಿ ಬೀಳದೆ ‘ಲಿ’ ಮೇಲೆ ಬಿದ್ದು ಪದವೇ ಒಡೆದು ಕೇಳುತ್ತದೆ. ಮೂರು ಮಾತ್ರೆಯ ಗಣಗಳು ಬಂದರೆ ನಾಲ್ಕರ ತಾಳಕ್ಕೆ ಎಳೆಯದೆ ಆರರ ತಾಳಕ್ಕೆ ಹೋಗಿ. ಸಾಲು ಕೇಳುವ ತಾಳವನ್ನೇ ಡ್ರಮ್ಮರ್‌ಗೆ ಕೊಡಿ.

ಪ್ರಾಸದ ವಿಷಯ. ನಮ್ಮಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುವುದರಿಂದ ‘ಬಂದೆನು, ನಿಂದೆನು’ ಥರದ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ, ಮೂರನೇ ಸಾಲಿಗೇ ಬೇಸರ ಹಿಡಿಸುತ್ತದೆ. ಹಳಬರ ಆದಿಪ್ರಾಸ, ಅಂದರೆ ಸಾಲಿನ ಎರಡನೇ ಅಕ್ಷರದ ಪ್ರಾಸ, ರಾಕ್‌ಗೆ ಹೇಳಿ ಮಾಡಿಸಿದಂತಿದೆ. ಮೇಲಿನ ‘ಮಳೆ, ಕಳೆ’ ಅದೇ. ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ) ಶುರುವಾಗುವ ಜಾಗದಲ್ಲೇ ಪ್ರಾಸವೂ ಬೀಳುತ್ತದೆ.

ಪಲ್ಲವಿಯ ಎತ್ತರದ ಸ್ವರಕ್ಕೆ ಆ, ಏ, ಓ ಬರುವ ಪದ ಇಡಿ. ಅಲ್ಲಿ ಇ, ಉ ಬಂದರೆ ಗಂಟಲು ಬಿಗಿಯುತ್ತದೆ. ಶ್ರುತಿ ಎತ್ತರವಾಯಿತು ಅನ್ನಿಸಿದರೆ ಹಟ ಬೇಡ. ಎರಡನೇ ಫ್ರೆಟ್‌ನಲ್ಲಿ ಕ್ಯಾಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಜಿ ಆಕಾರ ನುಡಿಸುತ್ತಿದ್ದರೆ ನೀವಿರುವುದು ಎ ಶ್ರುತಿಯಲ್ಲಿ; ಕ್ಯಾಪೊ ತೆಗೆದರೆ ಒಂದು ಪೂರ್ಣ ಸ್ವರ ಇಳಿಯುತ್ತದೆ. ಬೆರಳಿನ ಆಕಾರ ಬದಲಾಗುವುದಿಲ್ಲ.

ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಬರೆಯುವವರು ಗಮನಿಸಿ: ಅದರ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರವೇ ಇಲ್ಲ, ಹಾಗಾಗಿ ಹಾಳೆ ನೋಡಿ ಹಾಡುವ ಜೊತೆಗಾರರಿಗೆ ಒಮ್ಮೆ ಬಾಯಲ್ಲಿ ಹೇಳಿಕೊಡಿ. ಕೊಡವರ ಕೈವಾದ್ಯವಾದ ದುಡಿ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ, ಬರಲಿ. ಆದರೆ ದುಡಿ ಹಬ್ಬಕ್ಕೂ ಇದೆ, ಸಾವಿಗೂ ಇದೆ. ಎತ್ತಿಕೊಂಡ ಧಾಟಿ ಯಾವ ಸಂದರ್ಭದ್ದೆಂದು ಊರಿನ ಹಿರಿಯ ಹಾಡುಗಾರರನ್ನು ಕೇಳದೆ ಮುಟ್ಟಬೇಡಿ. ಸಾವಿನ ಮನೆಯ ಧಾಟಿಯನ್ನು ಕುಣಿಯುವ ಹಾಡಿಗೆ ಹಾಕಿದರೆ ಜನ ಕ್ಷಮಿಸುವುದಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ. ದುಡಿ ನುಡಿಸಿದವರಿಗೆ ಸಂಭಾವನೆ ಕೊಡಿ, ಹೆಸರೂ ಹಾಕಿ.

ಮಳೆಯಲ್ಲಿ ಗಿಟಾರ್

ಅಕೂಸ್ಟಿಕ್ ಗಿಟಾರಿಗೆ ಹಿತವಾದ ತೇವಾಂಶ ಶೇ. 45ರಿಂದ 55. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಮನೆಯೊಳಗೇ ಅದು 90 ದಾಟುತ್ತದೆ. ಮರ ನೀರು ಹೀರಿ ಮೇಲ್ಹಲಗೆ ಉಬ್ಬುತ್ತದೆ, ತಂತಿ ಫ್ರೆಟ್‌ಬೋರ್ಡಿನಿಂದ ಮೇಲೇಳುತ್ತದೆ, ಒತ್ತಿದರೆ ಬೆರಳು ನೋಯುತ್ತದೆ. ಗಟ್ಟಿ ಕೇಸು, ಒಳಗೊಂದು ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್, ಬಟ್ಟೆ ಚೀಲದಲ್ಲಿ 200ರಿಂದ 250 ಗ್ರಾಂ ಸಿಲಿಕಾ ಜೆಲ್ ಇರಲಿ. ಕಿತ್ತಳೆ ಬಣ್ಣದ ಹರಳು ತೆಗೆದುಕೊಳ್ಳಿ; ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಹರಳು ಹಸಿರಿಗೆ ತಿರುಗಿದರೆ ಅಡುಗೆಗೆ ಬಳಸದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕಿತ್ತಳೆ ಬಣ್ಣ ಮರಳಿದ ಮೇಲೆ ಆರಿಸಿ ಮತ್ತೆ ಹಾಕಿ. ಬೆಚ್ಚಗಿದೆ ಎಂದು ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಗಿಟಾರ್ ಇಡಬೇಡಿ, ಶಾಖಕ್ಕೆ ಬ್ರಿಡ್ಜಿನ ಅಂಟು ಬಿಡುತ್ತದೆ. ತಂತಿ ಎತ್ತರವಾಯಿತೆಂದು ಕೂಡಲೇ ಟ್ರಸ್ ರಾಡ್ (ಗಿಟಾರಿನ ಕತ್ತಿನೊಳಗಿನ ಸರಳು) ತಿರುಗಿಸುವುದೂ ತಪ್ಪು. ಮೊದಲು ಒಂದು ವಾರ ಒಣ ಕೇಸಿನಲ್ಲಿಟ್ಟು ನೋಡಿ.

ರೆಕಾರ್ಡಿಂಗ್

ಶೀಟಿನ ಮಾಡಿನ ಮೇಲೆ ಬಿದ್ದ ಮಳೆಯ ಸದ್ದನ್ನು ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಚೆನ್ನಾಗಿ ತೆಗೆಯಲಾಗುವುದಿಲ್ಲ. ನಿಮ್ಮ ‘ಸ’, ‘ಶ’ ಇರುವ ಪಟ್ಟಿಯಲ್ಲೇ ಅದೂ ಹರಡಿಕೊಂಡಿರುತ್ತದೆ, ಮಳೆ ತೆಗೆದರೆ ಅಕ್ಷರವೂ ಹೋಗುತ್ತದೆ. ಆದ್ದರಿಂದ ಕೆಲಸದ ಕ್ರಮ ಬದಲಿಸಿ. ಜಡಿಮಳೆಯ ದಿನ ಎಲೆಕ್ಟ್ರಿಕ್ ಗಿಟಾರ್, ಬೇಸ್, ಕೀಬೋರ್ಡನ್ನು ನೇರ ಇಂಟರ್‌ಫೇಸಿಗೆ (ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಚುಚ್ಚಿ ರೆಕಾರ್ಡ್ ಮಾಡಿ. ಅವಕ್ಕೆ ಮಳೆ ಕೇಳಿಸದು. ಕಂಠ ಮತ್ತು ಅಕೂಸ್ಟಿಕ್ ಗಿಟಾರ್‌ಗೆ ಮಳೆ ಬಿಟ್ಟ ರಾತ್ರಿಗಾಗಿ ಕಾಯಿರಿ, ಇಲ್ಲವೇ ಆರ್‌ಸಿಸಿ ಮಾಡಿನ ಕೋಣೆ ಹುಡುಕಿ.

ಗೋಡೆಗೆ ಖಾಲಿ ಕಾಫಿ ಚೀಲ ತೂಗುಹಾಕಿದರೆ ಎತ್ತರದ ಸದ್ದಷ್ಟೇ ಸಾಯುತ್ತದೆ, ಕೆಳಗಿನ ಗುಂಯ್‌ಗುಡುವಿಕೆ ಹಾಗೇ ಉಳಿಯುತ್ತದೆ. ದಪ್ಪ ಹತ್ತಿ ಹಾಸಿಗೆಯೊಂದನ್ನು ಹಾಡುವವರ ಬೆನ್ನ ಹಿಂದೆ ನಿಲ್ಲಿಸುವುದು ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕು ಕೇಳುವುದು ಆ ದಿಕ್ಕನ್ನೇ. ಮೈಕಿನಿಂದ ಬಾಯಿಗೆ 15ರಿಂದ 20 ಸೆಂ.ಮೀ. ಇರಲಿ, ನಡುವೆ ಪಾಪ್ ಫಿಲ್ಟರ್. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್ ಇರಲಿ. ಗಟ್ಟಿಯಾಗಿ ಕೂಗಿದಾಗಲೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. ಕಂಡೆನ್ಸರ್ ಮೈಕು ತೇವಕ್ಕೆ ಚಟಚಟ ಅನ್ನತೊಡಗಿದರೆ ಅದನ್ನೂ ಸಿಲಿಕಾ ಡಬ್ಬಿಗೆ ಹಾಕಿ. ಕರೆಂಟು ಹೋಗಿ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಓಡುತ್ತಿದ್ದರೆ ಪಿಕಪ್‌ನಲ್ಲಿ ಗೊರಗೊರ ಬರುತ್ತದೆ. ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯಲ್ಲೇ ಓಡಿಸಿ. ಗುಡುಗು ಶುರುವಾದರೆ ಎಲ್ಲ ಪ್ಲಗ್ ಕಿತ್ತಿಡಿ.

ಹೊರಗೆ ಹಾಡುವಾಗ

ಹೋಮ್‌ಸ್ಟೇ, ರೆಸಾರ್ಟ್ ಹುಲ್ಲುಹಾಸಿನ ಮೇಲೆ ಜನರೇಟರ್ ಕರೆಂಟಿನಲ್ಲಿ ಹಾಡುವುದು ಇಲ್ಲಿ ಸಾಮಾನ್ಯ. ಗಿಟಾರ್ ಆಂಪ್ಲಿಫೈಯರ್ ಒಂದು ಲೈನಿನಲ್ಲಿ, ಮಿಕ್ಸರ್ ಇನ್ನೊಂದರಲ್ಲಿ ಇದ್ದು ಅರ್ತಿಂಗ್ ಕೆಟ್ಟಿದ್ದರೆ, ಗಿಟಾರಿನ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಶಾಕ್ ಹೊಡೆಯುತ್ತದೆ. ಒದ್ದೆ ನೆಲದಲ್ಲಿ ಜೀವಕ್ಕೇ ಅಪಾಯ. ಗಿಟಾರ್ ಹೆಗಲಿಗೆ ಹಾಕುವ ಮುಂಚೆ ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಒಂದು ಮುಳ್ಳು ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ತಾಗಿಸಿ. ಒಂದೆರಡು ವೋಲ್ಟ್ ಮೀರಿದರೆ ಎಲ್ಲವನ್ನೂ ಅರ್ತಿಂಗ್ ಸರಿಯಿರುವ ಒಂದೇ ಬೋರ್ಡಿಗೆ ತಂದು ಮತ್ತೆ ಅಳೆಯಿರಿ. ಆಗಲೂ ಇಳಿಯದಿದ್ದರೆ ಹಾಡಬೇಡಿ, ಕರೆಸಿದವರು ಎಷ್ಟೇ ಅವಸರ ಮಾಡಲಿ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷೇಧ. ಹತ್ತಕ್ಕೆ ಹತ್ತು ನಿಮಿಷ ಮೊದಲೇ ಕೊನೆಯ ಹಾಡು ಮುಗಿಯುವಂತೆ ಪಟ್ಟಿ ಮಾಡಿ. ಅರ್ಧ ಹಣ ಮುಂಗಡ, ಸೌಂಡ್ ಯಾರದು, ಊಟ ಮತ್ತು ವಸತಿ ಇವನ್ನು ವಾಟ್ಸಾಪ್‌ನಲ್ಲಾದರೂ ಬರಹದಲ್ಲಿ ಪಡೆಯಿರಿ. ಜಿಲ್ಲೆಗೆ ರೈಲಿಲ್ಲ. ಬೆಂಗಳೂರಿನ ಕಾರ್ಯಕ್ರಮವಾದರೆ ಹೋಗಿ ಬರುವ ಸುಮಾರು 500 ಕಿ.ಮೀ. ಗಾಡಿ ಖರ್ಚನ್ನು ಸಂಭಾವನೆಯಿಂದ ಬೇರೆಯಾಗಿಯೇ ಕೇಳಿ.

ಹಕ್ಕಿನ ಕಾಗದ

ಒಂದು ಹಾಡಿಗೆ ಎರಡು ಬಗೆಯ ಹಣ ಬರುತ್ತದೆ. ರೆಕಾರ್ಡಿಂಗಿನದು ಆನ್‌ಲೈನ್ ವಿತರಕರ ಮೂಲಕ. ಸಾಹಿತ್ಯ ಮತ್ತು ಸಂಗೀತದ್ದು, ಬರೆದವರ ಮತ್ತು ರಾಗ ಹಾಕಿದವರ ಪರವಾಗಿ ರಾಯಧನ ವಸೂಲು ಮಾಡುವ ಐಪಿಆರ್‌ಎಸ್ ಸಂಸ್ಥೆಯ ಮೂಲಕ. ವಿತರಕರಿಗೆ ಹಾಡು ಕೊಟ್ಟು ಸುಮ್ಮನಾದವರು ಎರಡನೆಯದನ್ನು ಕಳೆದುಕೊಳ್ಳುತ್ತಾರೆ. ಬಿಡುಗಡೆಗೆ ನಾಲ್ಕು ವಾರ ಮೊದಲೇ ಅಪ್‌ಲೋಡ್ ಮಾಡಿ. ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ, ಇಲ್ಲದಿದ್ದರೆ ಒಬ್ಬರೇ ಇಬ್ಬರು ಕಲಾವಿದರಾಗಿ ಕಾಣುತ್ತೀರಿ. ಹಾಡು ಕಟ್ಟಿದ ಕ್ಷಣವೇ ಕೃತಿಸ್ವಾಮ್ಯ ನಿಮ್ಮದು, ಅದು ಬದುಕಿರುವವರೆಗೂ ಇದ್ದು ಆಮೇಲೆ 60 ವರ್ಷ ಉಳಿಯುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೆ ತಕರಾರು ಬಂದಾಗ ಸಾಕ್ಷಿಯಾಗುತ್ತದೆ.

ಇದೆಲ್ಲಕ್ಕಿಂತ ಮೊದಲು, ಹಾಡು ಪೂರ್ತಿಯಾದ ದಿನವೇ ಬ್ಯಾಂಡಿನವರೆಲ್ಲ ಕೂತು ಸಾಹಿತ್ಯ ಯಾರದು, ರಾಗ ಯಾರದು, ಶೇಕಡಾ ಎಷ್ಟೆಷ್ಟು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ತಾರೀಕು ಹಾಕಿ, ಎಲ್ಲರೂ ಸಹಿ ಮಾಡಿ, ಅದರ ಫೋಟೋ ಪ್ರತಿಯೊಬ್ಬರ ಫೋನಿಗೂ ಹೋಗಲಿ.