ಕೋಪ ತಣಿಸುವ ಇಂಗ್ಲಿಷ್ ಪದಗಳು: ಯಾವುದನ್ನು ಎಲ್ಲಿ ಬಳಸಬೇಕು?

ಮುನಿದ ಮಗುವನ್ನು ರಮಿಸುತ್ತೇವೆ, ನೊಂದವರನ್ನು ಸಂತೈಸುತ್ತೇವೆ, ಅಧಿಕಾರಸ್ಥರನ್ನು ಓಲೈಸುತ್ತೇವೆ, ದೇವರನ್ನು ಪ್ರಸನ್ನಗೊಳಿಸುತ್ತೇವೆ. ಈ ಕ್ರಿಯಾಪದಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕನ್ನಡಿಗರ ಕಿವಿಗೆ ಕೂಡಲೇ ಇರುಸುಮುರುಸಾಗುತ್ತದೆ. ಇಂಗ್ಲಿಷಿನ ಪ್ಯಾಸಿಫೈ, ಅಪೀಸ್, ಪ್ಲಕೇಟ್, ಮಾಲಿಫೈ ಮುಂತಾದ ಪದಗಳ ನಡುವೆಯೂ ಅಂಥದೇ ಅಂತರವಿದೆ. ಎಲ್ಲಕ್ಕೂ ‘ಸಮಾಧಾನಪಡಿಸು’ ಎಂಬ ಒಂದೇ ಅರ್ಥವನ್ನು ಕಲಿತುಕೊಂಡವರಿಗೆ ಆ ಅಂತರ ಕಾಣುವುದಿಲ್ಲ. ಅದು ಕಾಣಬೇಕಾದರೆ ಬರೆಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಕೋಪವನ್ನು ಇಳಿಸಲು ಎದುರಿನವರು ಏನನ್ನು ತೆತ್ತರು?

ಏನನ್ನೂ ತೆರದೆ ಗದ್ದಲವನ್ನು ಮಾತ್ರ ಅಡಗಿಸಿದ್ದರೆ ಪ್ಯಾಸಿಫೈ ಸಾಕು. ಅದರ ಮೂಲದಲ್ಲಿರುವುದು ಶಾಂತಿ ಎಂಬರ್ಥದ ಲ್ಯಾಟಿನ್ ಪದ ‘ಪಾಕ್ಸ್’. ಆದರೆ ಒಳಗಿನ ಮನಸ್ಸು ತಣ್ಣಗಾಯಿತೇ ಎಂಬುದನ್ನು ಈ ಪದ ಹೇಳುವುದಿಲ್ಲ. ಅಳುವ ಕೂಸಿನ ಬಾಯಿಗಿಡುವ ರಬ್ಬರ್ ತೊಟ್ಟಿಗೆ ಅಮೆರಿಕನ್ ಇಂಗ್ಲಿಷಿನಲ್ಲಿ ಪ್ಯಾಸಿಫೈಯರ್ ಎನ್ನುತ್ತಾರೆ, ದಂಗೆಯೆದ್ದ ಪ್ರದೇಶವನ್ನು ಸೇನೆ ಹತೋಟಿಗೆ ತರುವುದನ್ನೂ ಪ್ಯಾಸಿಫಿಕೇಶನ್ ಎನ್ನುತ್ತಾರೆ. ಆದ್ದರಿಂದ ನ್ಯಾಯವಾದ ಸಿಟ್ಟಿನಲ್ಲಿರುವ ಹಿರಿಯರೊಬ್ಬರ ಬಗ್ಗೆ ಇದನ್ನು ಬಳಸಿದರೆ ಅವರ ದೂರನ್ನು ಹಗುರವಾಗಿ ಕಂಡಂತಾಗುತ್ತದೆ.

ಅತ್ಯಂತ ಎಚ್ಚರಿಕೆ ಬೇಡುವ ಪದ ಅಪೀಸ್. ವ್ಯುತ್ಪತ್ತಿಯಲ್ಲಿ ಇದೂ ಶಾಂತಿಯ ಪದವೇ, ಹಳೆಯ ಫ್ರೆಂಚ್ ಮೂಲಕ ಬಂದದ್ದು. ಅದಕ್ಕೆ ಇಂದಿನ ಕಳಂಕ ಅಂಟಿಸಿದ್ದು ಚರಿತ್ರೆ. 1938ರ ಸೆಪ್ಟೆಂಬರ್ ಕೊನೆಯಲ್ಲಿ, ಬ್ರಿಟನ್ನಿನ ಪ್ರಧಾನಿ ನೆವಿಲ್ ಚೇಂಬರ್ಲೇನ್ ಪಾಲ್ಗೊಂಡಿದ್ದ ಮ್ಯೂನಿಕ್ ಒಪ್ಪಂದದಲ್ಲಿ, ಚೆಕೊಸ್ಲೊವಾಕಿಯಾದ ಸುಡೆಟೆನ್‌ಲ್ಯಾಂಡ್ ಪ್ರದೇಶವನ್ನು ಹಿಟ್ಲರನ ಜರ್ಮನಿಗೆ ಬಿಟ್ಟುಕೊಡಲಾಯಿತು. 1939ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಪ್ರಾಗ್ ನಗರವನ್ನೇ ಪ್ರವೇಶಿಸಿತು. ಅಂದಿನಿಂದ ಅಪೀಸ್‌ಮೆಂಟ್ ಎಂದರೆ ತೀರದ ಹಸಿವಿನ ಎದುರಾಳಿಗೆ ತತ್ತ್ವವನ್ನೇ ಬಲಿಕೊಟ್ಟು ಕೊಂಡ ಶಾಂತಿ ಎಂಬ ಧ್ವನಿ ಬಂದಿದೆ. ನಮ್ಮ ರಾಜಕೀಯ ಭಾಷೆಯ ‘ಓಲೈಕೆ’ ಇದಕ್ಕೆ ಬಹಳ ಹತ್ತಿರವಾದದ್ದು. ಗ್ರಾಹಕರ ದೂರನ್ನು ಪ್ರಾಮಾಣಿಕವಾಗಿ ಬಗೆಹರಿಸಿದ ಸಂಸ್ಥೆ ತಾನು ಅವರನ್ನು ಅಪೀಸ್ ಮಾಡಿದೆನೆಂದು ಬರೆದುಕೊಂಡರೆ, ತನ್ನ ಒಳ್ಳೆಯ ಕೆಲಸಕ್ಕೆ ತಾನೇ ಮಸಿ ಬಳಿದುಕೊಂಡಂತೆ. ಹಸಿವು, ಕುತೂಹಲಗಳ ಜೊತೆ ಬಂದಾಗ ಮಾತ್ರ ಈ ಪದಕ್ಕೆ ಆ ಕಳಂಕವಿಲ್ಲ; ಅಲ್ಲಿ ಅದು ನಮ್ಮ ‘ತಣಿಸು’ ಇದ್ದ ಹಾಗೆ.

ಪ್ಲಕೇಟ್ ಮತ್ತು ಮಾಲಿಫೈಗಳನ್ನು ಬೇರ್ಪಡಿಸುವುದು ನಿಜಕ್ಕೂ ಸೂಕ್ಷ್ಮದ ಕೆಲಸ. ಮುನಿದವರಿಗೆ ಏನನ್ನಾದರೂ ಕೊಟ್ಟು ಅಥವಾ ಒಪ್ಪಿ ಹಗೆತನವನ್ನು ನಿಲ್ಲಿಸಿದ್ದರೆ ಅದು ಪ್ಲಕೇಟ್; ಹಲವು ವೇಳೆ ಆ ಶಾಂತಿ ಸದ್ಯಕ್ಕಷ್ಟೇ ಎಂಬ ಸೂಚನೆಯೂ ಇರುತ್ತದೆ. ಏನು ಮಾಡಿದರೂ ಶಾಂತರಾಗದವರನ್ನು ಇಂಪ್ಲಾಕಬಲ್ ಎನ್ನುವುದು ಇದೇ ಮೂಲದಿಂದ. ಮಾಲಿಫೈ ಪದದ ಬೇರು ಮೃದು ಎಂಬರ್ಥದ ‘ಮೊಲ್ಲಿಸ್’. ಕ್ಷಮೆಯಾಚನೆಯಿಂದಲೋ ಒಂದು ಒಳ್ಳೆಯ ಮಾತಿನಿಂದಲೋ ನೊಂದವರ ಬಿರುಸು ಕಡಿಮೆಯಾಯಿತು, ಅವರು ‘ಮೆತ್ತಗಾದರು’ ಎನ್ನುವಾಗ ಇದಕ್ಕಿಂತ ತಕ್ಕ ಪದ ನನಗೆ ತೋರುವುದಿಲ್ಲ. ಕೋಪ ಪೂರ್ತಿ ಹೋಯಿತೆಂದು ಅದು ಹೇಳುವುದಿಲ್ಲ, ಆ ಮಿತಿಯೇ ಅದರ ಬೆಲೆ.

ಪ್ರೊಪಿಷಿಯೇಟ್ ಪದವನ್ನು ದೇವತೆಗಳಿಗೆ ಅಥವಾ ನಮಗಿಂತ ಬಹಳ ಬಲಿಷ್ಠರಾದವರಿಗೆ ಮೀಸಲಿಡಿ. ಕೋಪ ಬರುವ ಮೊದಲೇ ಅನುಗ್ರಹ ಬೇಡುವುದಕ್ಕೂ ಅದು ಒಪ್ಪುತ್ತದೆ. ದೂರ ಸರಿದವರನ್ನು ಮಾತುಕತೆಯಿಂದ ಮತ್ತೆ ಒಲಿಸಿಕೊಳ್ಳುವುದು ಕನ್ಸಿಲಿಯೇಟ್.

ಕೊನೆಗೆ ಕರ್ಮಪದವನ್ನು ಪರಿಶೀಲಿಸಿ. ಮೇಲಿನ ಪದಗಳು ಬಹುಮಟ್ಟಿಗೆ ವ್ಯಕ್ತಿಯನ್ನು ಕರ್ಮವಾಗಿ ಪಡೆಯುತ್ತವೆ; ಅಸ್ವೇಜ್ ಸಾಮಾನ್ಯವಾಗಿ ಕೋಪ, ಭಯ, ಅಪರಾಧಪ್ರಜ್ಞೆಗಳಂಥ ಭಾವವನ್ನು ಬಯಸುತ್ತದೆ, ಡಿಫ್ಯೂಸ್ ಬಿಗುವಾದ ಸನ್ನಿವೇಶವನ್ನು. ಈ ಡಿಫ್ಯೂಸ್ ಸ್ಫೋಟಕದ ಫ್ಯೂಸ್ ತೆಗೆಯುವುದರಿಂದ ಬಂದದ್ದು. ಕನ್ನಡ ಲಿಪಿಯಲ್ಲಿ ಒಂದೇ ಆಗಿ ಕಾಣುವ, ಚದುರಿಸು ಎಂಬರ್ಥದ ಇನ್ನೊಂದು ಡಿಫ್ಯೂಸ್‌ನಲ್ಲಿ ಇಂಗ್ಲಿಷಿನ ‘ಎಫ್’ ಅಕ್ಷರ ಎರಡು ಬಾರಿ ಬರುತ್ತದೆ.