ಹನ್ನೆರಡು ಪಿಟೀಲು, ನುಡಿಸಿದ್ದು ಮೂವರು

“ಗಣಪತಿ ಪೆಂಡಾಲಲ್ಲಿ ಅಳೋ ಹಾಡಾ? ಜನ ಎದ್ದು ಹೋಗ್ತಾರೆ ಮಾರಾಯ” ಅಂದಿದ್ದ ನಮ್ಮ ಆರ್ಕೆಸ್ಟ್ರಾದಲ್ಲಿ ಪ್ಯಾಡ್ ಬಾರಿಸುವವನು. ಹಾಡು ನಂದೇ. ಆಯನೂರಲ್ಲಿ ಬಸ್ಸಿಳಿಯಬೇಕಾದ ಪಿಯುಸಿ ಹುಡುಗ ದಿನಾ ಇನ್ನೂ ಮುಂದಿನ ಆನಂದಪುರಕ್ಕೆ ಟಿಕೆಟ್ ತಗೊಳ್ತಾನೆ, ಅವಳು ಇಳಿಯೋದು ಅಲ್ಲಿ. ಒಂದು ಮಾತೂ ಆಡೋದಿಲ್ಲ. ಅಷ್ಟೇ ಕತೆ.

ಮೊದಲು ಕೀಬೋರ್ಡಿನ ಸ್ಟ್ರಿಂಗ್ಸ್, ಅಂದರೆ ಪಿಟೀಲು ಗುಂಪಿನ ನಕಲಿ ದನಿ, ಹಾಕಿದೆ. ಧಾರಾವಾಹಿಯಲ್ಲಿ ಅತ್ತೆ ಬಂದ ಹಾಗಿತ್ತು. ಬೆಂಗಳೂರಿನ ಒಂದು ಸ್ಟುಡಿಯೋಗೆ ಹೋಗಿ ಸುಮಾರು 14 ಸಾವಿರ ಸುರಿದೆ; ಅಲ್ಲೂ ಅದೇ ಅತ್ತೆ, ಸ್ವಲ್ಪ ದುಬಾರಿ ಸೀರೆಯಲ್ಲಿ.

ಕೊನೆಗೆ ಶಿವಮೊಗ್ಗದಲ್ಲೇ ಮೂವರು ಕರ್ನಾಟಕ ಸಂಗೀತದ ಪಿಟೀಲಿನವರನ್ನ ಹಿಡಿದೆ. ತಲೆಗೆ 1,500. ಮೊದಲ ದಿನ ಪೂರ್ತಿ ದಂಡ. ಗಾಂಧಾರ, ಅಂದರೆ ‘ಗ’ ಸ್ವರ, ಬಂದರೆ ಸಾಕು, ಮೂವರೂ ತಂತಮ್ಮ ಗುರುಗಳು ಕಲಿಸಿದಂತೆ ಅದನ್ನ ತೂಗೋರು. ಒಬ್ಬೊಬ್ಬರದೂ ಚೆಂದ, ಸೇರಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ಈ ತೂಗಾಟ, ಗಮಕ ಬೇಡ, ಸ್ವರ ನೇರ ನಿಲ್ಲಲಿ ಅಂದೆ. “ಅದಕ್ಕೆ ಹಾರ್ಮೋನಿಯಂ ಸಾಕಲ್ಲ” ಅಂತ ಹಿರಿಯರು ಪೆಟ್ಟಿಗೆ ಮುಚ್ಚಿದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ ಕೂರಿಸಿದೆ.

ಎರಡನೇ ದಿನ ಕಮಾನು ಮೇಲೆ-ಕೆಳಗೆ ಒಟ್ಟಿಗೆ ಹೋಗೋದನ್ನಷ್ಟೇ ಕಲಿತ್ವಿ. ಆಮೇಲೆ ಅದೇ ಸಾಲನ್ನ ನಾಲ್ಕು ಸಲ, ಪ್ರತಿ ಸಲ ಜಾಗ ಬದಲಿಸಿ ರೆಕಾರ್ಡ್ ಮಾಡಿದೆ; ಒಂದರ ಮೇಲೊಂದು ಕೂಡಿಸಿದರೆ ಹನ್ನೆರಡು ಪಿಟೀಲು. ನಾಲ್ಕನೇ ಸಲ ಇನ್ನೊಂದು ಬದಲಾವಣೆಯೂ ಇದೆ, ಅದನ್ನ ಹೇಳೋಲ್ಲ. ಮನೆಯ ಅಟ್ಟಕ್ಕೆ ಸುತ್ತ ಕಂಬಳಿ ತೂಗುಹಾಕಿದ್ದೆ. ಗೋಡೆಯ ಮಾರ್ದನಿ ಹೋಯಿತು, ಹೆಂಚಿನ ಮೇಲಿನ ಜಡಿಮಳೆ ಹೋಗಲಿಲ್ಲ. ರಾತ್ರಿ ಎರಡರ ಮೇಲೆ ಹೊಳವಾದಾಗಷ್ಟೇ ಕೆಲಸ. ತಬಲಾದ ಶ್ರುತಿ ಥಂಡಿಗೆ ಇಳಿದು ಇಳಿದು, ಬಲ್ಬಿನ ಕೆಳಗೆ ಕಾಸಿ ಕಾಸಿ ಸಾಕಾಯಿತು. ಮಳೆಯನ್ನೇ ತಾಳ ಮಾಡೋಣ ಅಂತ ಅಡಿಕೆ ಹಾಳೆ ಮೇಲೆ ಹನಿ ಬೀಳಿಸಿಯೂ ನೋಡಿದೆ. ಎಣ್ಣೆಯಲ್ಲಿ ಏನೋ ಕರಿದ ಸದ್ದು ಬಂತು.

ಇಷ್ಟು ಕಷ್ಟಪಟ್ಟ ಪಿಟೀಲನ್ನ ಎರಡನೇ ಚರಣದವರೆಗೆ ಬಿಡಲೇ ಇಲ್ಲ. ಅಲ್ಲೀವರೆಗೆ ಗಿಟಾರ್, ಹುಡುಗನ ದನಿ, ಅಷ್ಟೇ. ನಟಭೈರವಿ ರಾಗದಲ್ಲೇ ಸಾಗುವ ಹಾಡು, ಅವಳು ಬಸ್ಸಿಳಿಯುವ ಸಾಲಲ್ಲಿ ‘ನಿ’ ಸ್ವರ ಮೇಲೇರಿ ಕೀರವಾಣಿ ರಾಗ ಆಗ್ತದೆ, ಹನ್ನೆರಡೂ ಅಲ್ಲೇ ಏಳ್ತವೆ. ಜನರಿಗೆ ಮೊದಲೇ ಅಳು ತರಿಸಿದರೆ ಆ ಜಾಗಕ್ಕೆ ಏನು ಉಳೀತು?

ಪೆಂಡಾಲಲ್ಲಿ ರೆಕಾರ್ಡ್ ಮಾಡಿದ ಟ್ರ್ಯಾಕನ್ನ ಹಿನ್ನೆಲೆಗೆ ಹಾಕಿ ಹಾಡಿದ್ವಿ. ಒಬ್ಬರೂ ಏಳಲಿಲ್ಲ, ಪ್ಯಾಡಿನವನು ಕೋಲು ಕೆಳಗಿಟ್ಟು ಕೂತಿದ್ದ. ಒಟ್ಟು ಖರ್ಚು, ಬೆಂಗಳೂರಿನದೂ ಸೇರಿ, ಮೂವತ್ತು ಸಾವಿರದ ಹತ್ತಿರ. ಮೊನ್ನೆ ಸಾಗರದ ಒಂದು ರಿಸೆಪ್ಷನ್‌ನಲ್ಲಿ ಇದೇ ಹಾಡು ಬೇಕು ಅಂತ ಚೀಟಿ ಬಂತು. ಕಳಿಸಿದ್ದು ಮದುಮಗ. ಹಾಡಲಿಲ್ಲ.