ಅಂಚೆಚೀಟಿ ಸಂಗ್ರಹ: ನಿಮ್ಮೂರಿನಿಂದಲೇ ಶುರು ಮಾಡಿ

2014ರ ಸೆಪ್ಟೆಂಬರ್ 3ರಂದು ಅಂಚೆ ಇಲಾಖೆ ಎಂಟು ಸಂಗೀತಗಾರರ ಅಂಚೆಚೀಟಿ ಹೊರತಂದಿತು. ರವಿಶಂಕರ್, ಅಲಿ ಅಕ್ಬರ್ ಖಾನ್, ವಿಲಾಯತ್ ಖಾನ್, ಡಿ.ಕೆ. ಪಟ್ಟಮ್ಮಾಳ್ ಅವರದು ನಾಲ್ಕು. ಉಳಿದ ನಾಲ್ಕು ಯಾರವು ಗೊತ್ತಾ? ಧಾರವಾಡದ ಪಕ್ಕದ ಮನಸೂರಿನ ಮಲ್ಲಿಕಾರ್ಜುನ ಮನ್ಸೂರ, ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್, ಗದುಗಿನ ಭೀಮಸೇನ ಜೋಶಿ, ಬೆಳಗಾವಿ ಹತ್ತಿರದ ಸುಳೇಭಾವಿಯ ಕುಮಾರ ಗಂಧರ್ವ. ಇಡೀ ದೇಶದಿಂದ ಆರಿಸಿದ ಎಂಟರಲ್ಲಿ ಅರ್ಧ ನಮ್ಮ ಕಡೆಯವರೇ!

ಅಂಚೆಚೀಟಿ ಕೂಡಿಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ನಾಲ್ಕರ ಹೆಸರನ್ನೇ. ಸಿಕ್ಕಿದ್ದೆಲ್ಲ ಗುಡ್ಡೆ ಹಾಕಿದರೆ ಆರು ತಿಂಗಳಲ್ಲಿ ಬೇಸರ ಬರುತ್ತದೆ. ನಮ್ಮ ನೆಲದ ಕಥೆ ಹಿಡಿದು ಹೊರಟರೆ ಒಂದು ಚೀಟಿ ಇನ್ನೊಂದನ್ನು ಕರೆಯುತ್ತದೆ. ಗಂಗೂಬಾಯಿ ಮತ್ತು ಭೀಮಸೇನರ ಚೀಟಿ ಪಕ್ಕಪಕ್ಕ ಇಡಿ. ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು. ಈ ಒಂದು ಸಾಲನ್ನು ಚೀಟಿಯ ಕೆಳಗೆ ಬರೆದರೆ ಸಾಕು, ಬಣ್ಣದ ಕಾಗದ ಇತಿಹಾಸವಾಗುತ್ತದೆ.

ಮೊದಲು ಎರಡು ಬಗೆ ತಿಳಿಯಿರಿ

ದಿನಬಳಕೆಯ ಚೀಟಿಗಳನ್ನು ಬೇಕಾದಾಗೆಲ್ಲ ಮತ್ತೆ ಮತ್ತೆ ಅಚ್ಚು ಹಾಕುತ್ತಾರೆ. ಸ್ಮರಣಾರ್ಥ ಚೀಟಿ ಹಾಗಲ್ಲ. ಒಬ್ಬ ವ್ಯಕ್ತಿ, ಒಂದು ಘಟನೆ ಅಥವಾ ಒಂದು ಸಂಸ್ಥೆಯ ನೆನಪಿಗೆ ಒಂದು ಸಲ ಅಚ್ಚಾಗುತ್ತದೆ. ಮುಗಿದರೆ ಮುಗಿಯಿತು. ಅದಕ್ಕೇ ಬಿಡುಗಡೆಯಾದ ಹೊಸದರಲ್ಲೇ ಕೊಳ್ಳುವುದು ಜಾಣತನ.

ನಮ್ಮ ದೇಶದ ಮೊದಲ ಸ್ಮರಣಾರ್ಥ ಚೀಟಿಗಳು ಬಂದದ್ದು 1931ರಲ್ಲಿ, ಹೊಸದಿಲ್ಲಿ ರಾಜಧಾನಿಯ ಉದ್ಘಾಟನೆಗೆ. ಒಟ್ಟು ಆರು. ಸ್ವತಂತ್ರ ಭಾರತದ ಮೊದಲ ಚೀಟಿ 1947ರ ನವೆಂಬರ್ 21ರದು. ಅದರ ಮೇಲಿರುವುದು ತ್ರಿವರ್ಣ ಧ್ವಜ, ಬೆಲೆ ಮೂರೂವರೆ ಆಣೆ. ಮರುವರ್ಷ ಆಗಸ್ಟ್ 15ಕ್ಕೆ ಗಾಂಧೀಜಿಯ ನಾಲ್ಕು ಚೀಟಿ ಬಂದವು. ಅವು ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ. 'ಬಾಪು' ಎಂದು ದೇವನಾಗರಿಯಲ್ಲೂ ಉರ್ದುವಿನಲ್ಲೂ ಬರೆದಿದೆ.

ಧ್ವಜದ ಆ ಚೀಟಿ ಹುಬ್ಬಳ್ಳಿಯವರ ಸಂಗ್ರಹದಲ್ಲಿ ಇರಲೇಬೇಕು ಎನ್ನುವುದು ನನ್ನ ಆಸೆ. ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಧಾರವಾಡದ ಹತ್ತಿರದ ಗರಗದಲ್ಲಿ ಧ್ವಜದ ಖಾದಿ ನೇಯುತ್ತಾರೆ. 2011ರ ಫೆಬ್ರುವರಿಯಲ್ಲಿ ಖಾದಿ ಬಟ್ಟೆಯ ಮೇಲೆಯೇ ಅಚ್ಚು ಹಾಕಿದ ಗಾಂಧೀಜಿಯ ನೂರು ರೂಪಾಯಿ ಚೀಟಿ ಬಂದಿತ್ತು. ಧ್ವಜದ ಚೀಟಿ, ಖಾದಿಯ ಚೀಟಿ, ಜೊತೆಗೆ ಬೆಂಗೇರಿಯಲ್ಲಿ ನೀವೇ ತೆಗೆದ ಒಂದು ಫೋಟೊ. ಇಷ್ಟರಲ್ಲೇ ಒಂದು ಪುಟ ತುಂಬಿತಲ್ವಾ?

ಹೊಸ ಚೀಟಿ ಪಡೆಯುವುದು

ಮಾಮೂಲಿ ಕೌಂಟರಿನಲ್ಲಿ ಸ್ಮರಣಾರ್ಥ ಚೀಟಿ ಸಿಗುವುದು ಕಡಿಮೆ. ಊರಿನ ಪ್ರಧಾನ ಅಂಚೆ ಕಚೇರಿಗೆ ಹೋಗಿ 'ಫಿಲಾಟೆಲಿ' ಅಂದರೆ ಅಂಚೆಚೀಟಿ ಸಂಗ್ರಹದ ವಿಭಾಗ ಎಲ್ಲಿದೆ ಎಂದು ಕೇಳಿ. ಅಲ್ಲೇ 'ಫಿಲಾಟೆಲಿ ಡೆಪಾಸಿಟ್ ಅಕೌಂಟ್' ತೆರೆಯಬಹುದು. ಕನಿಷ್ಠ 200 ರೂಪಾಯಿ ಕಟ್ಟಿ, ಯಾವ್ಯಾವುದು ಎಷ್ಟೆಷ್ಟು ಬೇಕು ಎಂದು ಅರ್ಜಿಯಲ್ಲಿ ಬರೆದುಕೊಟ್ಟರೆ, ಹೊಸ ಚೀಟಿ ಬಂದಂತೆ ನಿಮಗೆ ತೆಗೆದಿಡುತ್ತಾರೆ. ಮುಖಬೆಲೆಯನ್ನು ಖಾತೆಯಿಂದ ಕಳೆದುಕೊಳ್ಳುತ್ತಾರೆ.

ಚೀಟಿಯ ಜೊತೆ ಮಾಹಿತಿ ಪತ್ರವನ್ನೂ ತಪ್ಪದೆ ಕೊಳ್ಳಿ. ಬಿಡುಗಡೆಯ ದಿನ, ಎಷ್ಟು ಅಚ್ಚಾದವು, ಎಲ್ಲಿ ಅಚ್ಚಾದವು, ಆ ವ್ಯಕ್ತಿ ಯಾರು, ಎಲ್ಲ ಅದರಲ್ಲಿರುತ್ತದೆ. ಮೊದಲ ದಿನದ ಲಕೋಟೆ ಅಂದರೆ ಫಸ್ಟ್ ಡೇ ಕವರ್ ಕೂಡ ಸಿಗುತ್ತದೆ. ಬಿಡುಗಡೆಯ ದಿನದ ವಿಶೇಷ ಠಸ್ಸೆ ಅದರ ಮೇಲಿರುತ್ತದೆ.

ಮನೆಯಲ್ಲಿ ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿದ್ದರೆ ಇನ್ನೊಂದು ಮಾತು. ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆಯಲ್ಲಿ ಚೀಟಿ ಸಂಗ್ರಹಿಸುವ ಮಕ್ಕಳಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನವಿದೆ. ಶಾಲೆಯ ಫಿಲಾಟೆಲಿ ಕ್ಲಬ್ಬಿನ ಸದಸ್ಯತ್ವ ಅಥವಾ ಮಗುವಿನ ಹೆಸರಲ್ಲಿ ಮೇಲೆ ಹೇಳಿದ ಖಾತೆ ಇರಬೇಕು. ಕ್ವಿಜ್ ಮತ್ತು ಪ್ರಾಜೆಕ್ಟ್ ಮೇಲೆ ಆಯ್ಕೆ ನಡೆಯುತ್ತದೆ.

ಹಳೆಯದು ಹುಡುಕುವುದು

ಇದು ನನಗೆ ತುಂಬ ಇಷ್ಟದ ಕೆಲಸ. ಅಟ್ಟದ ಮೇಲಿನ ಟ್ರಂಕು, ಅಜ್ಜನ ಕಾಗದಪತ್ರದ ಗಂಟು, ರದ್ದಿ ಅಂಗಡಿ, ಹಳೇ ಅಡತಿ ಅಂಗಡಿ, ಎಲ್ಲವನ್ನೂ ಕೇಳಿ ನೋಡಿ. ಗದುಗಿನಲ್ಲಿ ಪರಿಚಯದವರ ಅಡತಿ ಅಂಗಡಿಯಲ್ಲಿ ಕಬ್ಬಿಣದ ತಂತಿಗೆ ಚುಚ್ಚಿಟ್ಟ ಕಾಗದಗಳ ಕಂತೆ ಕಂಡಿದ್ದೆ. ಶೇಂಗಾ ಧಾರಣಿ, ಹತ್ತಿ ಧಾರಣಿ, ರೊಕ್ಕ ಮುಟ್ಟಿದ ಬಗ್ಗೆ ಎರಡು ಸಾಲು. ನಡುವೆ ಒಂದು ಲಕೋಟೆ. ಅದರ ಮೇಲೆ 15 ಪೈಸೆಯ ಬಸವೇಶ್ವರರ ಚೀಟಿ. 1967ರ ಮೇ 11ರಂದು ಬಿಡುಗಡೆಯಾದದ್ದು. ವಿಳಾಸದ ಕೊನೆಯಲ್ಲಿ 'ಗದಗ, ಜಿ. ಧಾರವಾಡ' ಎಂದಿತ್ತು. ಪಿನ್ ಕೋಡ್ ಇಲ್ಲ. ನಡುವೆ ತಂತಿ ತೂರಿದ ತೂತು.

ಅಂಗಡಿಯವರು ಪ್ರೀತಿಯಿಂದ ಕತ್ತರಿ ತಂದುಕೊಟ್ಟರು. 'ಬ್ಯಾಡ್ರಿ, ಇಡೀ ಲಕೋಟೆನೇ ಕೊಡ್ರಿ' ಎಂದೆ.

ಯಾಕೆಂದರೆ ಲಕೋಟೆಯೇ ಸಾಕ್ಷಿ. ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಬೆಲೆ ಆಣೆಯಲ್ಲಿದ್ದರೆ ಅದು 1957ಕ್ಕಿಂತ ಮುಂಚಿನ ಚೀಟಿ. ಆ ವರ್ಷ ಏಪ್ರಿಲ್‌ನಲ್ಲಿ ನಯೇ ಪೈಸೆ ಬಂತು. ಠಸ್ಸೆಯಲ್ಲಿ ಇಂಗ್ಲಿಷಿನ 'ಧಾರ್ವಾರ್' ಎಂಬ ಕಾಗುಣಿತ ಕಂಡರೆ ಹಳೇ ಕಾಲದ್ದು. ಚೀಟಿ ಕತ್ತರಿಸಿದಿರೋ, ಈ ಸಾಕ್ಷಿಯೆಲ್ಲ ಕಸದ ಬುಟ್ಟಿಗೆ. ಹಳೇ ಲಕೋಟೆ, ಅಚ್ಚಾದ ಚೀಟಿಯಿರುವ ಕಾರ್ಡು, ಇನ್‌ಲ್ಯಾಂಡ್ ಲೆಟರ್, ಯಾವುದನ್ನೂ ಕತ್ತರಿಸಬೇಡಿ.

ನೀರಿನಲ್ಲಿ ಬಿಡಿಸುವುದು

ಈಚಿನ ಸಾದಾ ಲಕೋಟೆಯಾಗಿದ್ದು, ಠಸ್ಸೆಯೂ ಸರಿಯಾಗಿ ಮೂಡಿಲ್ಲ ಎಂದರೆ ಚೀಟಿ ಬಿಡಿಸಿಕೊಳ್ಳಬಹುದು. ಎಳೆಯಬೇಡಿ. ಸುತ್ತಲೂ ಒಂದು ಬೆರಳಿನಷ್ಟು ಕಾಗದ ಬಿಟ್ಟು ಕತ್ತರಿಸಿ. ಅಗಲದ ತಟ್ಟೆಯಲ್ಲಿ ತಣ್ಣೀರು ಹಾಕಿ, ಚಿತ್ರ ಮೇಲೆ ಬರುವಂತೆ ತೇಲಿಬಿಡಿ. ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಕಾಯಿರಿ. ಅಂಟು ಕರಗಿದರೆ ಚೀಟಿ ತಾನೇ ಜಾರುತ್ತದೆ. ಜಾರದಿದ್ದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ. ಬಣ್ಣದ ಲಕೋಟೆಯನ್ನು ಬೇರೆ ತಟ್ಟೆಯಲ್ಲೇ ನೆನೆಸಿ, ಅದರ ಬಣ್ಣ ಬಿಟ್ಟು ಉಳಿದ ಚೀಟಿಗೆಲ್ಲ ಹತ್ತುತ್ತದೆ. ಆಮೇಲೆ ಬಿಳಿ ಕಾಗದದ ಮೇಲೆ ಚಿತ್ರ ಕೆಳಗೆ ಮಾಡಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ದಪ್ಪ ಪುಸ್ತಕದೊಳಗೆ ಒಂದು ರಾತ್ರಿ ಇಟ್ಟರೆ ಸುರುಳಿ ಬಿಡುತ್ತದೆ. ಬಳಸದ ಹೊಸ ಚೀಟಿಗೆ ಮಾತ್ರ ನೀರು ಸೋಕಿಸಬೇಡಿ. ಹಿಂದಿನ ಗೋಂದು ಹೋದರೆ ಬೆಲೆಯೂ ಹೋಗುತ್ತದೆ.

ಕಾಪಾಡುವುದು

ಬೇಕಾಗುವ ಸಾಮಾನು ಕಡಿಮೆ: ಒಂದು ಸ್ಟಾಕ್ ಬುಕ್ (ಅಂಟಿಸದೆ ಚೀಟಿ ಸಿಕ್ಕಿಸಿಡುವ ಪಟ್ಟಿಗಳಿರುವ ಆಲ್ಬಮ್), ತುದಿ ಚಪ್ಪಟೆಯಾದ ಚಿಮಟ, ಒಂದು ಭೂತಗನ್ನಡಿ. ಬೆರಳಿನ ಬೆವರು ಚೀಟಿಗೆ ಶತ್ರು, ಅದಕ್ಕೇ ಚಿಮಟ. ಅಂಟಿನ ಟೇಪು, ಫೆವಿಕಾಲ್, ಲ್ಯಾಮಿನೇಶನ್ ಯಾವುದೂ ಬೇಡ. ಚಿಕ್ಕವಳಿದ್ದಾಗ ನಾನು ಟೇಪಿನಿಂದ ಅಂಟಿಸಿದ್ದ ಕಿತ್ತೂರು ಚೆನ್ನಮ್ಮನ ಚೀಟಿಯೊಂದು, 1977ರದು, ಇನ್ನೂ ನನ್ನ ಹತ್ತಿರ ಇದೆ. ಟೇಪು ಉದುರಿತು, ಕಂದು ಕಲೆ ಮಾತ್ರ ಹೋಗಲಿಲ್ಲ. ಅದನ್ನು ನೋಡಿದಾಗೆಲ್ಲ ನೋವಾಗುತ್ತದೆ.

ಧಾರವಾಡದ ಮಳೆಗಾಲ ಗೊತ್ತಲ್ಲ. ಜೂನ್ ಹಿಡಿದರೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಗೋಂದಿನ ಕಾಗದ ಸುಮ್ನೆ ಇರುತ್ತಾ? ಹೊಸ ಚೀಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಲ್ಬಮ್ಮನ್ನು ಮಲಗಿಸಬೇಡಿ, ನಿಲ್ಲಿಸಿ ಇಡಿ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಹೊಸ ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಪಕ್ಕದಲ್ಲಿರಲಿ. ಬಿಸಿಲು ಬಿದ್ದ ದಿನ, ನೆರಳಿನಲ್ಲಿ, ಫ್ಯಾನ್ ಕೆಳಗೆ ಪುಟ ತೆರೆದು ಗಾಳಿಯಾಡಿಸಿ. 2006ರ ಗಂಧದ ಪರಿಮಳದ 15 ರೂಪಾಯಿ ಚೀಟಿ ನಿಮ್ಮಲ್ಲಿದ್ದರೆ ಅದನ್ನು ಬೇರೆ ಪೊಟ್ಟಣದಲ್ಲಿ ಮುಚ್ಚಿಡಿ.

ಕೊಳ್ಳುವಾಗ

'ಅಪರೂಪದ ಚೀಟಿ, ಲಕ್ಷ ಬೆಲೆ' ಎಂಬ ಜಾಹೀರಾತು ನಂಬಬೇಡಿ. ಇತ್ತೀಚಿನ ದಶಕಗಳ ಬಳಸಿದ ಚೀಟಿಗಳು ಬಹುಪಾಲು ಕೆಲವೇ ರೂಪಾಯಿಗೆ ಸಿಗುತ್ತವೆ. ಹರಿದದ್ದು, ಅಂಚಿನ ಹಲ್ಲು ಮುರಿದದ್ದು, ತೆಳುವಾದದ್ದು ಬಿಡಿ. ಬೆಳಕಿಗೆ ಹಿಡಿದು ನೋಡಿದರೆ ತೆಳುವಾದ ಜಾಗ ಕಾಣುತ್ತದೆ. ಕರ್ನಾಪೆಕ್ಸ್‌ನಂಥ ಅಂಚೆಚೀಟಿ ಪ್ರದರ್ಶನ ನಡೆದರೆ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ, ಬೇರೆಯವರು ಪುಟ ಜೋಡಿಸಿದ್ದನ್ನು ನೋಡಿ ಬನ್ನಿ.

ಪುಟ ಬರೆಯುವುದು

ಒಂದು ಪುಟಕ್ಕೆ ಒಂದೇ ಕಥೆ. ಮನ್ಸೂರರ ಚೀಟಿಯಿಂದ ಶುರು ಮಾಡಬಹುದು. ಧಾರವಾಡದ ಅವರ ಮನೆ 'ಮೃತ್ಯುಂಜಯ' ಈಗ ಸ್ಮಾರಕ. ಒಂದು ಭಾನುವಾರ ಅಲ್ಲಿಗೆ ಹೋಗಿ ಬನ್ನಿ. ಬಂದ ಮೇಲೆ ಚೀಟಿಯ ಕೆಳಗೆ ನಿಮ್ಮ ಕೈಬರಹದಲ್ಲೇ, ಪೆನ್ಸಿಲಿನಿಂದ ಬರೆಯಿರಿ: ಹುಟ್ಟಿದ್ದು 1910, ಮನಸೂರು, ತೀರಿದ್ದು 1992. ಮನೆಯಲ್ಲಿ ನೀವು ಕಂಡದ್ದು ಏನು, ಅದನ್ನೂ ಎರಡು ಸಾಲು. ಚೀಟಿ ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಯಾವ ದಿನ ಎಂಬುದನ್ನು ಪುಟದ ಮೂಲೆಯಲ್ಲಿ ಸಣ್ಣಗೆ ಬರೆದಿಡಿ. ಪಕ್ಕದಲ್ಲಿ ಒಂದಿಷ್ಟು ಜಾಗ ಖಾಲಿ ಬಿಡಿ, ಅದೇ ಚೀಟಿ ಹಚ್ಚಿದ ಲಕೋಟೆ ಮುಂದೆಂದಾದರೂ ಯಾವುದೋ ಟ್ರಂಕಿನಲ್ಲಿ ಸಿಗಬಹುದು.